ಸಂಚಿಯೊಳಗಿನ ಗುಳಿಗೆ

ಇವತ್ತಿಗೆ ಪೂರ್ತಿ ಒಂದು ತಿಂಗಳು, ನನ್ನ ಮೊಮ್ಮಗಳು ಸಿಂಚನಾ ತಲೆನೋವು ಎಂದು ಒಂದು ದಿನವೂ ಶಾಲೆ ಬಿಟ್ಟಿಲ್ಲ. ನಾನು ಮೂರನೇ ಇಯತ್ತೆ ಕಲಿತವಳು, ಬರೆದು ರೂಢಿ ಇಲ್ಲ. ಆದರೂ ಈ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಆ ತಲೆನೋವು ಶುರುವಾದದ್ದು ನಾನು ಬಾಗಲಕೋಟೆಯಿಂದ ಅರಬ್ ನಾಡಿನ ಅಲ್ ಮಬೇಲಾದಲ್ಲಿರುವ ಮಗನ ಮನೆಗೆ ಬಂದ ಮೇಲೆ. ಮಗ, ಸೊಸೆ ಬೇಗ ಆಫೀಸಿಗೆ ಹೊರಡುತ್ತಾರೆ. ಹತ್ತು ವರ್ಷದ ಕೂಸನ್ನು ಶಾಲೆ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಅವಳು ಹಣೆ ಒತ್ತಿಕೊಂಡು ಕೂತಳು. ಬೆಳಕು ಬೇಡ ಅಂದಳು. ವಾಂತಿ ಮಾಡಿದಳು.

ನನ್ನ ಸಂಚಿಯಲ್ಲಿ ಲವಂಗ, ಏಲಕ್ಕಿಯ ಜೊತೆ ಊರಿಂದ ತಂದ ತಲೆನೋವಿನ ಗುಳಿಗೆ ಇತ್ತು. ಇಪ್ಪತ್ತು ವರ್ಷದಿಂದ ದಿನಾ ಚಹಾದ ಜೊತೆ ಒಂದು ನುಂಗಿದವಳು ನಾನು. ಅರ್ಧ ಮುರಿದು ಕೊಟ್ಟೆ. ನೋವು ಇಳಿಯಿತು. ಮಗ, ಸೊಸೆ ರಜೆ ಹಾಕಿ ಓಡಿ ಬರುವುದು ಬೇಡವೆಂದು ಯಾರಿಗೂ ಹೇಳಲಿಲ್ಲ. ಮರುದಿನ ಮತ್ತೆ ಅರ್ಧ. ಆಮೇಲೆ ಅದೇ ರೂಢಿಯಾಯಿತು.

ಎರಡು ತಿಂಗಳಲ್ಲಿ ನೋವು ದಿನಾ ಬರತೊಡಗಿತು.

ಸಂಜೆಯೂ ನರಳತೊಡಗಿದಾಗ ಮಗ, ಸೊಸೆಗೂ ಗೊತ್ತಾಗಿ ಎಲ್ಲರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಮ್‌ಆರ್‌ಐ ಬರೆದರು. ಕೂಸನ್ನು ಆ ಮಷೀನಿನೊಳಗೆ ಕಳಿಸಿ ಹೊರಗೆ ಕೂತಾಗ, ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ. ಸ್ಕ್ಯಾನ್ ನಾರ್ಮಲ್ ಬಂತು. ಮೈಗ್ರೇನ್ ಅಂದರು. ಆದರೆ ದಿನಾ ಯಾಕೆ ಬರುತ್ತದೆಂದು ಅವರಿಗೂ ಬಗೆಹರಿಯಲಿಲ್ಲ. ನೋವಿನ ಔಷಧಿ ವಾರಕ್ಕೆ ಎಷ್ಟು ಸಲ ಎಂದು ಸೊಸೆಯನ್ನು ಕೇಳಿದರು. ಎರಡು ಸಲ ಸಿರಪ್ ಕೊಡುತ್ತೇನೆ ಎಂದಳು. ಹಾಗಾದರೆ ಇನ್ನೂ ಜೋರಿನ ಔಷಧಿ ಬೇಕು ಎಂದು ಬರೆಯತೊಡಗಿದರು.

ನನ್ನ ಕೈ ಸಂಚಿಗೆ ಹೋಯಿತು.

ಗುಳಿಗೆ ಮುಗಿದ ಖಾಲಿ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟೆ. "ನಾನೂ ಕೊಟ್ಟೀನ್ರಿ ಡಾಕ್ಟರ್. ದಿನಾ."

ಮಗ ತಲೆ ತಗ್ಗಿಸಿ ಅದನ್ನೂ, ನಾನು ದಿನಾ ನುಂಗುವುದನ್ನೂ ಹಿಂದಿಯಲ್ಲಿ ಹೇಳಿದ. ಕೇರಳದ ಆ ಡಾಕ್ಟರು ಬೈಯಲಿಲ್ಲ. ನೋವಿನ ಗುಳಿಗೆ ದಿನಾ ತಿಂದರೆ ಗುಳಿಗೆಯೇ ತಲೆನೋವು ತರುತ್ತದೆ, ದೊಡ್ಡವರದ್ದನ್ನು ಮಕ್ಕಳಿಗೆ ಕೊಡಲೇಬಾರದು, ನಿಮಗೂ ಇದೇ ಆಗಿರಬೇಕು ಎಂದರು. ಬರೆದ ಚೀಟಿ ಹರಿದರು.

ಮನೆ ಮುಟ್ಟಿದ ಕೂಡಲೇ ಸೊಸೆ ಸಿಂಚನಾಳನ್ನು ಕರೆದುಕೊಂಡು ಕೋಣೆಗೆ ಹೋದಳು.

ಮರುದಿನ ಗೋಡೆಯ ಕ್ಯಾಲೆಂಡರ್ ಇಳಿಸಿ, ಕೆಂಪು ಪೆನ್ನಿನ ಜೊತೆ ನನ್ನ ಮುಂದೆ ಇಟ್ಟಳು. ನೋವಿನ ಲೆಕ್ಕ ಇಡಲು ಡಾಕ್ಟರು ಹೇಳಿದ್ದರು. "ಅತ್ತಿ, ನೀವ ಬರೀರಿ. ಮುಂಜಾನೆ ಆಕಿ ಜೋಡಿ ಇರಾವ್ರು ನೀವ." ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಗುಳಿಗೆ ನಿಲ್ಲಿಸಿದ ಮೊದಲ ಎರಡು ವಾರ ನೆನೆಯಲಾರೆ. ಕತ್ತಲ ಕೋಣೆ, ಒದ್ದೆ ಬಟ್ಟೆ, ಅವಳ ನರಳಾಟ. ಎಷ್ಟು ನೋವು ಎಂದು ಅವಳು ಬೆರಳೆತ್ತಿ ತೋರಿಸುತ್ತಿದ್ದಳು, ಅಷ್ಟು ಗೆರೆ ನಾನು ಎಳೆಯುತ್ತಿದ್ದೆ. ಎಂಟು, ಒಂಬತ್ತು. ಆಮೇಲೆ ಐದು. ಗೆರೆ ನೋಡುತ್ತಾ ನನಗೇ ಒಂದು ತಿಳಿಯಿತು: ಬರೀ ಹಾಲು ಕುಡಿದು ಬಸ್ಸು ಹತ್ತಿದ ದಿನ ಗೆರೆ ಹೆಚ್ಚು. ಅಂದಿನಿಂದ ರೊಟ್ಟಿ ತಿಂದೇ ಹೊರಡಬೇಕು, ನೀರಿನ ಬಾಟಲಿ ಖಾಲಿಯಾಗಿಯೇ ಮರಳಬೇಕು.

ನಾನೂ ಗುಳಿಗೆ ಬಿಟ್ಟಿದ್ದೇನೆ. ಕ್ಯಾಲೆಂಡರಿನಲ್ಲಿ ನನ್ನದೂ ಗೆರೆಗಳಿವೆ.

ಮೈಗ್ರೇನ್ ಮತ್ತೆ ಬರಬಹುದಂತೆ. ಬರಲಿ, ಈಗ ಅದರ ದಾರಿ ಗೊತ್ತು.

ಇವತ್ತು ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದೆ. ಎಲ್ಲರಿಗೂ ಬಡಿಸುತ್ತಿದ್ದಾಗ ಸಿಂಚನಾ ಕ್ಯಾಲೆಂಡರಿನ ಕೆಂಪು ಪೆನ್ನು ಹಿಡಿದು, "ಅಜ್ಜಿ, ಯುವರ್ ಟರ್ನ್. ಹೌ ಮೆನಿ?" ಎಂದಳು.

ಮುಚ್ಚಿಡುವುದು ಸಾಕಾಗಿತ್ತು. ಮೂರು ಬೆರಳು ಎತ್ತಿದೆ.

"ಮಧ್ಯಾಹ್ನದಿಂದ ಏನೂ ತಿಂದಿಲ್ಲ ನೀವು, ಅದಕ," ಎಂದು ಸೊಸೆ ನನ್ನ ಕೈಯಿಂದ ರೊಟ್ಟಿ ಬುಟ್ಟಿ ಕಸಿದುಕೊಂಡಳು. "ಕೂಡ್ರಿ ಅತ್ತಿ. ಮೊದಲ ಉಣ್ರಿ."

ಕೂತೆ. ನಾಲ್ವರೂ ಒಟ್ಟಿಗೆ ಉಂಡೆವು.