ಬೇವು ಬರಿದಾದ ಹದಿನೆಂಟು ದಿನ

ನಮ್ಮ ಹಿತ್ತಲಿಗೆ ವರ್ಷದಲ್ಲಿ ಹದಿನೆಂಟು ದಿನ ಮಾತ್ರ ಬಿಸಿಲು ಬೀಳುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಬಿಸಿಲಿಲ್ಲ ಅನ್ನುವ ಮುದುಕಿಯನ್ನು ಕಂಡು ಯಾರಾದರೂ ನಗಬಹುದು. ಮುಂಬಾಗಿಲ ಬೀದಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬರಿಗಾಲು ಊರುವಂತಿಲ್ಲ, ನಿಜ. ಆದರೆ ಹಿತ್ತಲ ಬಾಗಿಲು ದಾಟಿದರೆ ಬೇವಿನ ಮರ. ನಾನು ಸೊಸೆಯಾಗಿ ಬಂದಾಗಲೇ ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪವಿತ್ತು. ಬುಡದಲ್ಲಿ ಅರಿಶಿನ ಕುಂಕುಮದ ಕಲ್ಲು, ಈ ಮನೆಯ ದೇವತೆ, ಅಮ್ಮ. ಮರ ಅವಳದು. ಒಂದು ರೆಂಬೆ ಕಡಿಯಬೇಕಾದರೂ ಅವಳನ್ನು ಕೇಳಬೇಕು.

ಶಿವರಾತ್ರಿ ಕಳೆದ ಮೇಲೆ ಮರ ಎಲೆ ಉದುರಿಸಿ ಬೋಳಾಗುತ್ತದೆ. ಆಮೇಲೆ ತಾಮ್ರದ ಬಣ್ಣದ ಚಿಗುರು ಬಂದು, ಯುಗಾದಿ ಹೊತ್ತಿಗೆ ಮತ್ತೆ ಕತ್ತಲೆ. ಆ ನಡುವಿನದೇ ನನ್ನ ಹದಿನೆಂಟು ದಿನ. ನನ್ನ ಸ್ಪ್ರಿಂಗ್.

ವಸಂತಕ್ಕೆ ಸ್ಪ್ರಿಂಗ್ ಅನ್ನುವ ಪದ ನನ್ನ ತಲೆಗೆ ಹೊಕ್ಕಿದ್ದು ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗ್ ಸ್ಕೂಲಿನಲ್ಲಿ. ಅಲ್ಲಿ ಶನಿವಾರ ಗಾರ್ಡನಿಂಗ್ ಪೀರಿಯಡ್ ಇತ್ತು. ಚಳಿದೇಶದಿಂದ ಬಂದ ವಯಸ್ಸಾದ ಸಿಸ್ಟರ್ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ತಮ್ಮೂರ ಕಾಡಿನ ಹೂಗಳ ಬಗ್ಗೆ ಹೇಳುತ್ತಿದ್ದರು. ನೆರಳಲ್ಲಿ ಬೆಳೆಯುವ ಸ್ಪ್ರಿಂಗ್ ಹೂಗಳೆಲ್ಲ ಕಳ್ಳ ಹೂಗಳಂತೆ. ಮರಗಳು ಎಚ್ಚರಾಗುವ ಮೊದಲೇ ಬಿಸಿಲು ಕದ್ದು, ಅರಳಿ, ಮತ್ತೆ ಮಲಗಿಬಿಡುತ್ತವಂತೆ. ಸಿಸ್ಟರ್ ಎರಡು ನಿಯಮ ಕಲಿಸಿದ್ದರು. ಸ್ಪ್ರಿಂಗ್‌ನಲ್ಲಿ ಗಿಡಕ್ಕೆ ಗೊಬ್ಬರ ಕೊಡಬೇಕು. ಗಿಡ ಸತ್ತಿದೆಯೋ ಬದುಕಿದೆಯೋ ಗೊತ್ತಾಗದಿದ್ದರೆ ಕಾಂಡವನ್ನು ಉಗುರಿನಿಂದ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ.

ಮದುವೆಯಾಗಿ ಬಂದ ಮೇಲೆ ಈ ನೆರಳಲ್ಲಿ ನಾನು ಬಾಲ್ಸಮ್ ಹಾಕಿದೆ, ಫ್ಲಾಕ್ಸ್ ಹಾಕಿದೆ, ಪ್ಯಾನ್ಸಿ ಹೂವಿನ ಬೀಜ ತರಿಸಿ ಹಾಕಿದೆ. ಒಂದೂ ನಿಲ್ಲಲಿಲ್ಲ. ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ತಂಬ್ರಹಳ್ಳಿಯ ಕುರಿ ಸಾಕುವ ಮನೆಯಿಂದ ಬಂದವಳು. ಸೊಂಟಕ್ಕೆ ಕೈಯಿಟ್ಟು ನಿಂತು ನೋಡುತ್ತಿದ್ದಳು. “ಅಕ್ಕ, ನಿನ್ನ ಇಂಗ್ಲಿಷ್ ಈ ಮಣ್ಣಿಗೆ ತಿಳಿಯಂಗಿಲ್ಲ ಬಿಡು. ಪುಂಡಿಪಲ್ಯ ಹಾಕು, ತಿನ್ನಾಕರ ಬರತೈತಿ.” ಗಂಡಂದಿರು ಇಬ್ಬರೂ ಹೋದ ಮೇಲೂ ನಾವು ಒಂದೇ ಮನೆಯಲ್ಲಿ, ಅವಳ ಮಗ ಸೊಸೆಯ ಜೊತೆ ಇದ್ದೇವೆ. ಬಯ್ದುಕೊಳ್ಳಲು ಒಬ್ಬರಿಗೊಬ್ಬರು ಬೇಕಲ್ಲ.

ಮಲ್ಲಿಗೆ ತಂದವಳು ನನ್ನ ಮಗಳು.

ನನಗೆ ಒಬ್ಬಳೇ ಮಗಳು. ಹರಪನಹಳ್ಳಿಯ ಒಂದು ಸ್ಕೂಲಿನಲ್ಲಿ ಟೀಚರ್ ಆಗಿದ್ದಳು, ದಿನಾ ಬಸ್ಸಿಗೆ ಹೋಗಿ ಬರುವವಳು. ಒಮ್ಮೆ ಯಾವುದೋ ಟ್ರೈನಿಂಗ್ ಅಂತ ಹಡಗಲಿಗೆ ಹೋದವಳು, ಸಂಜೆ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಗಿಡವನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಳು. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಡಬ್ಬಿ ಚೀಲ ಇನ್ಯಾರದೋ ತೊಡೆಯ ಮೇಲಿಟ್ಟು, ಗಿಡ ಮಾತ್ರ ತಾನೇ ಹಿಡಿದು ನಿಂತು ಬಂದಿದ್ದಳು.

“ಮಮ್ಮಿ, ಇದು ಹಡಗಲಿ ಮಲ್ಲಿಗಿ. ನೀ ಮಾತ್ರ ಮುಟ್ಟಬ್ಯಾಡ. ನಿನ್ನ ಕೈಯಾಗ ಒಂದು ಗಿಡಾನೂ ಬದುಕಿಲ್ಲ.”

“ಬಚ್ಚಲ ನೀರು ಹರಿಯೋ ಕಡಿ ಹಚ್ಚಲೇ,” ಅಂದಳು ನೆಗೆಣ್ಣಿ. “ನಿಮ್ಮವ್ವ ನೀರು ಹಾಕಾಕ ಟೈಂಟೇಬಲ್ ಬರದು ಗ್ವಾಡಿಗೆ ಹಚ್ಚತಾಳ. ಆಮ್ಯಾಲೆ ಮರೀತಾಳ.”

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವುದು ಒಂದೇ ಕಡೆ, ಅದು ಬೇವಿನ ದೊಡ್ಡ ಕೊಂಬೆಯ ಕೆಳಗೆ. ಅಲ್ಲೇ ನೆಟ್ಟಳು. ಕೈಗೆ ಕೆಸರು, ನೆತ್ತಿಯ ಮೇಲೆ ಬೇವಿನ ಎಲೆ. ಮಣ್ಣು ಒತ್ತುತ್ತಾ ಹೇಳಿದಳು, “ಇದರ ಮೊದಲನೇ ಹೂ ನೀನ ಮುಡೀಬೇಕು, ಮಮ್ಮಿ.”

ನಾನು ಹೂ ಮುಡಿಯುವವಳಲ್ಲ. ಬೋರ್ಡಿಂಗಿನಲ್ಲಿ ತಲೆಗೆ ಹೂ ಇಟ್ಟರೆ ತೆಗೆಸುತ್ತಿದ್ದರು, ಆ ಅಭ್ಯಾಸ ಮದುವೆಯಾದ ಮೇಲೂ ಹೋಗಲಿಲ್ಲ. ಯಜಮಾನರು ಹೋದ ಮೇಲೆ ಆ ಮಾತೇ ಇಲ್ಲ. ನೆಗೆಣ್ಣಿ ಕೊಡ ಇಳಿಸಿ ನನ್ನ ಮುಖ ನೋಡಿದಳು, ಆಮೇಲೆ ಹುಡುಗಿಯ ಮುಖ.

“ಊರು ಏನಂದೀತಲೇ?”

“ಊರಿಗೆ ಎರಡನೇ ಹೂ ಕೊಡಾಣ ತಗಾ ಚಿಗವ್ವ,” ಅಂದಳು ಮಗಳು.

ಮೂವರೂ ನಕ್ಕೆವು. “ಪ್ರಾಮಿಸ್?” ಅಂದಳು. “ಪ್ರಾಮಿಸ್,” ಅಂದೆ.

ಗಿಡ ಹಬ್ಬಿತು. ಬಚ್ಚಲ ಗೋಡೆ ಏರಿತು, ಎಲೆ ಅಂದರೆ ಎಲೆ, ಕರೀ ಹಸಿರು. ಹೂ ಮಾತ್ರ ಇಲ್ಲ. ಮೊಗ್ಗೂ ಇಲ್ಲ. “ನೆಕ್ಸ್ಟ್ ಸ್ಪ್ರಿಂಗ್, ಮಮ್ಮಿ,” ಅನ್ನುತ್ತಿದ್ದಳು, ನನ್ನ ಇಂಗ್ಲಿಷನ್ನೇ ಅಣಕಿಸುತ್ತಾ. ಹಾಗೆ ಮೂರು ಸ್ಪ್ರಿಂಗ್ ಹೋದವು. ನಾಲ್ಕನೆಯದಕ್ಕೆ ಅವಳು ಇರಲಿಲ್ಲ. ಜ್ವರ ಅಂತ ಮಲಗಿದವಳು ಹನ್ನೊಂದು ದಿನಕ್ಕೆ ಹೋದಳು. ಅದರ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಅವಳನ್ನು ಮನೆಗೆ ತಂದಾಗ ಅಂಗಳದ ತುಂಬ ಕೊಂಡು ತಂದ ಹೂವಿನ ವಾಸನೆ ಇತ್ತು. ಹಿತ್ತಲ ಗಿಡ ಎಲೆ ಹೊತ್ತು ಸುಮ್ಮನೆ ನಿಂತಿತ್ತು.

ಆಮೇಲೆ ನನಗೆ ಉಳಿದದ್ದು ಆ ಒಂದು ಮಾತು. ಅವಳ ಗಿಡದ ಒಂದು ಹೂ, ಒಂದೇ ಒಂದು, ನನ್ನ ತಲೆಗೆ. ಊರು ಏನಾದರೂ ಅನ್ನಲಿ.

ಬಸ್ ಸ್ಟ್ಯಾಂಡಿನಲ್ಲಿ ಹಡಗಲಿ ಕಡೆಯ ಹೆಂಗಸೊಬ್ಬಳು ಮೊಗ್ಗು ಮಾರುತ್ತಾಳೆ. ಮೊಳ ಹಾಕುತ್ತಲೇ ನನ್ನ ಮಾತು ಕೇಳಿದಳು.

“ನೆಳ್ಳಾಗ ಮಲ್ಲಿಗಿ ಎಲಿ ಕೊಡತೈತ್ರಿ ಅಮ್ಮಾರೆ, ಹೂ ಕೊಡಂಗಿಲ್ಲ. ಅದಕ್ಕ ಬಿಸಲಿಗೆ ಮೈ ಕಾಯಬೇಕು. ಚಳಿ ಇದ್ದಾಗ ಗಿಡ ಸವರಿ, ನೀರು ನಿಲ್ಲಿಸ್ರಿ. ಬಿಸಲು ಬಿದ್ದ ಕೂಡಲೇ ನೀರು ಬಿಡ್ರಿ. ಮೊಗ್ಗಿ ಬರತಾವ.”

“ಬಿಸಿಲು ಹದಿನೆಂಟೇ ದಿನ ಬರುತ್ತಲ್ಲಮ್ಮ?”

“ಹಂಗಾರ ಹದಿನೆಂಟು ದಿನದಾಗ ಮುಗಿಸು ಅಂತ ಗಿಡಕ್ಕ ಹೇಳ್ರಿ,” ಅಂದು ನಕ್ಕು ದಾರ ಹಲ್ಲಲ್ಲಿ ಕಡಿದಳು.

ಹಾಗೇ ಮಾಡಿದೆ. ಸಂಕ್ರಾಂತಿಗೆ ಮುಂಚೆ ಗಿಡದ ರೆಂಬೆಗಳನ್ನು ಸವರಿದೆ. ಬಚ್ಚಲ ನೀರನ್ನು ಕಲ್ಲಿಟ್ಟು ಬೇರೆ ಕಡೆ ತಿರುಗಿಸಿದೆ. ಶಿವರಾತ್ರಿ ಮುಗಿದು ಬೇವು ಉದುರಿತು, ಹಿತ್ತಲ ತುಂಬ ಹಳದಿ ಎಲೆ. ಎಷ್ಟೋ ತಿಂಗಳ ಮೇಲೆ ಅಮ್ಮನ ಕಲ್ಲಿನ ಮೇಲೆ ನೇರ ಬಿಸಿಲು ಬಿತ್ತು. ಕಲ್ಲು ಸರಿಸಿ ನೀರು ಬಿಟ್ಟೆ. ದಿನಾ ಕನ್ನಡಕ ಹಾಕಿಕೊಂಡು ಕುರ್ಚಿ ಹಾಕಿ ಕೂತೆ.

ಹದಿಮೂರನೆಯ ದಿನ ಮೊಗ್ಗು ಕಂಡೆ. ಐದು. ಅಕ್ಕಿಕಾಳಿಗಿಂತ ಸಣ್ಣವು. ನೆಗೆಣ್ಣಿಯನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಬಗ್ಗಿ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಆದರೆ ಮೇಲೆ ನೋಡಿದರೆ ಬೇವು ಎಚ್ಚರಾಗುತ್ತಿತ್ತು. ಕೊಂಬೆಯ ತುದಿಯಲ್ಲೆಲ್ಲ ತಾಮ್ರದ ಚಿಗುರು. ಹದಿನೇಳನೆಯ ದಿನಕ್ಕೆ ಗಿಡದ ಮೇಲೆ ಜಾಳುಜಾಳಾದ ನೆರಳು ಬಂತು. ಮೊಗ್ಗು ಇದ್ದಲ್ಲೇ ನಿಂತವು. ಅಡ್ಡವಿದ್ದದ್ದು ಒಂದೇ ಕೊಂಬೆ. ಅದೊಂದು ಹೋದರೆ ಸಾಕು.

ನೆಗೆಣ್ಣಿ ಹೇಳಿದಳು, “ಅಮ್ಮನ್ನ ಕೇಳಾಣಕ್ಕ. ಆಕಿ ಹೂಂ ಅಂದ್ರ ಕಡಸಾಣ.”

ಈ ಮನೆಯಲ್ಲಿ ಹೀಗೆ ಕೇಳುತ್ತಾರೆ. ಮಂಗಳವಾರ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು, ನೀರಲ್ಲಿ ಅದ್ದಿದ ಹೂವಿನ ಎಸಳನ್ನು ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿ, ಬೇಡಿಕೊಂಡು ಕೂರಬೇಕು. ಮೊದಲು ಬಲದ ಎಸಳು ಬಿದ್ದರೆ ಅಮ್ಮ ಹೂ ಕೊಟ್ಟಳು, ಅಂದರೆ ಅಪ್ಪಣೆ. ಎಡದ್ದು ಬಿದ್ದರೆ ಬೇಡ. ನಲವತ್ತು ವರ್ಷ ನಾನು ಇದನ್ನು ದೂರ ನಿಂತು ನೋಡಿದವಳು, ಸೂಪರ್‌ಸ್ಟಿಷನ್ ಅಂತ ಮನಸ್ಸಿನಲ್ಲೇ ಅಂದುಕೊಂಡವಳು. ಆ ಮಂಗಳವಾರ ನಾನೂ ಒದ್ದೆ ಸೀರೆಯಲ್ಲಿ ಕೂತೆ. ಬಲದ ಎಸಳನ್ನು ಎಷ್ಟು ದಿಟ್ಟಿಸಿದೆನೆಂದರೆ ಕಣ್ಣಲ್ಲಿ ನೀರು ಬಂತು.

ಎಡದ್ದು ಬಿತ್ತು.

“ಇನ್ನೊಮ್ಮೆ ಕೇಳು,” ಅಂದೆ.

“ಒಮ್ಮಿ ಹೇಳ್ಯಾಳಕ್ಕ. ಮತ್ತ ಮತ್ತ ಕೇಳಬಾರದು. ಮುಂದಿನ ವರ್ಸ ಕೇಳಾಣ.”

ಮುಂದಿನ ವರ್ಷ. ನೆಕ್ಸ್ಟ್ ಸ್ಪ್ರಿಂಗ್. ಆ ಮಾತನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಮರುದಿನ ಅವಳು ತವರಿಗೆ, ತಂಬ್ರಹಳ್ಳಿಗೆ, ತಮ್ಮನ ಮೊಮ್ಮಗನಿಗೆ ಹೆಸರಿಡುವುದಕ್ಕೆ ಹೋದಳು. ನಾಲ್ಕು ದಿನ ಬರುವುದಿಲ್ಲ. ಅವಳ ಮಗ ಸೊಸೆ ಆಫೀಸಿಗೆ ಹೊರಟ ಮೇಲೆ, ಹಿಂದಿನ ಬೀದಿಯಲ್ಲಿ ಮರ ಕಡಿಯುತ್ತಿದ್ದವನನ್ನು ಕರೆದೆ. ಕೊಡಲಿ ಹೆಗಲಿಗಿಟ್ಟು ಬಂದವನು ಬುಡ ನೋಡಿ ಹಿಂದೆ ಸರಿದ.

“ಅಮ್ಮ ಅದಾಳಲ್ರಿ ಇಲ್ಲಿ. ಕೇಳೀರೇನು?”

“ಕೇಳೇವಿ,” ಅಂದೆ. “ಹೂ ಕೊಟ್ಟಾಳ.”

ನನ್ನ ಬಾಯಿಂದ ಅವರ ಮಾತು ಎಷ್ಟು ಸಲೀಸಾಗಿ ಬಂತು! ಅಷ್ಟು ಶುದ್ಧವಾಗಿ ಈ ಊರ ಕನ್ನಡ ನಾನು ಯಾವತ್ತೂ ಆಡಿರಲಿಲ್ಲ. ಅವನು ಕಲ್ಲಿಗೆ ಕೈಮುಗಿದು ಮರ ಹತ್ತಿದ. ಬೋರ್ಡಿಂಗಿನಲ್ಲಿ ಕ್ರಿಶ್ಚಿಯನ್ ಹುಡುಗಿಯರಿಗೆ ಕನ್‌ಫೆಷನ್ ಇತ್ತು, ಸುಳ್ಳು ಹೇಳಿದರೆ ಹೋಗಿ ಒಪ್ಪಿಕೊಂಡು ಹಗುರಾಗಿ ಬರುತ್ತಿದ್ದರು. ನಮಗೆ ಇರಲಿಲ್ಲ.

ಕೊಂಬೆ ಇಳಿಯಿತು. ಗಿಡಕ್ಕೆ ತಾಗದ ಹಾಗೆ ಹಗ್ಗ ಕಟ್ಟಿಸಿ ಇಳಿಸಿದೆ. ಹಿತ್ತಲಿಗೆ ಬಿಸಿಲು ಧೋ ಅಂತ ಸುರಿಯಿತು. ಸಿಸ್ಟರ್ ಹೇಳಿದ್ದು ನೆನಪಾಯಿತು: ಸ್ಪ್ರಿಂಗ್‌ನಲ್ಲಿ ಗೊಬ್ಬರ. ನೆಗೆಣ್ಣಿಯ ತವರಿಂದ ಬಂದ ಹಸಿ ಕುರಿಗೊಬ್ಬರದ ಚೀಲ ಮೂಲೆಯಲ್ಲಿತ್ತು. ಮಳೆ ಬಿದ್ದ ಮೇಲೆ ಹಾಕೋಣ ಅಂತ ಅವಳು ಇಟ್ಟದ್ದು. ಎರಡೂ ಕೈಯಲ್ಲಿ ಬೊಗಸೆ ಬೊಗಸೆ ಬುಡಕ್ಕೆ ಹಾಕಿದೆ. ಗಿಡಕ್ಕೆ ಊಟ ಬಡಿಸಿದ ಹಾಗೆ.

ಮೊದಲ ದಿನ ಮೊಗ್ಗು ಉಬ್ಬಿದ ಹಾಗೆ ಕಂಡಿತು. ಎರಡನೆಯ ದಿನ ಎಲೆಗಳು ಬಿಳುಚಿಕೊಂಡವು. ಮೂರನೆಯ ದಿನ ಮಧ್ಯಾಹ್ನ ಅಂಚು ಸುಟ್ಟು ಹಪ್ಪಳದ ಹಾಗೆ ಮುರುಟಿದವು. ನೀರು ಹಾಕಿದೆ, ಮತ್ತೆ ಹಾಕಿದೆ, ಹಸಿ ಗೊಬ್ಬರದ ಕಾವು ನೀರಿನ ಜೊತೆ ಇನ್ನೂ ಕೆಳಗಿಳಿಯಿತು. ಅಷ್ಟು ವರ್ಷ ನೆರಳಲ್ಲಿ ಬೆಳೆದ ಎಲೆಗೆ ನಮ್ಮೂರ ಬಿಸಿಲನ್ನು ಒಮ್ಮೆಲೇ ತಾಳುವುದು ಹೇಗೆ ಗೊತ್ತಿರಬೇಕು? ಸಿಸ್ಟರ್‌ ಹೇಳಿದ ಸ್ಪ್ರಿಂಗ್ ಅವರ ದೇಶದ್ದು. ಅಲ್ಲಿ ಬಿಸಿಲೆಂದರೆ ಬೆಚ್ಚಗೆ. ಇದು ನನಗೆ ಆಗ ಹೊಳೆಯಲಿಲ್ಲ, ಅರವತ್ತೆಂಟು ವರ್ಷ ಈ ಬಿಸಿಲಲ್ಲೇ ಬದುಕಿದ ನನಗೆ.

ನಾಲ್ಕನೆಯ ದಿನ ಐದೂ ಮೊಗ್ಗು ಕಂದಾಗಿ ಉದುರಿದವು. ಆರಿಸಿ ಅಂಗೈಯಲ್ಲಿಟ್ಟುಕೊಂಡೆ. ಜೀರಿಗೆಯ ಹಾಗಿದ್ದವು.

ಸಂಜೆ ನೆಗೆಣ್ಣಿ ಬಂದಳು. ಕೈಯ ಚೀಲ ಇಳಿಸದೆ ಹಿತ್ತಲ ಬಾಗಿಲಲ್ಲಿ ನಿಂತಳು. ಕೊಂಬೆಯ ಗಾಯ ನೋಡಿದಳು, ಗೊಬ್ಬರ ನೋಡಿದಳು, ಗಿಡ ನೋಡಿದಳು. ಬಯ್ಯಲಿ ಅಂತ ಕಾದೆ. ಬಯ್ದರೆ ಒಂದಿಷ್ಟು ಇಳಿಯುತ್ತಿತ್ತು.

“ಏನು ಮಾಡಿದಿ ಅಕ್ಕ,” ಅಂದಳು, ಅಷ್ಟೇ, ಮೆಲ್ಲಗೆ.

ಕುಕ್ಕರುಗಾಲಲ್ಲಿ ಕೂತು ಗೊಬ್ಬರ ಬಾಚಿ ತೆಗೆದಳು. ಒಳಗಿನಿಂದ ನನ್ನ ಮಗಳ ಹಳೆಯ ನೂಲಿನ ಸೀರೆ ತಂದು, ಒದ್ದೆ ಮಾಡಿ, ನಾಲ್ಕು ಕೋಲು ನೆಟ್ಟು ಗಿಡದ ಮೇಲೆ ಚಪ್ಪರ ಕಟ್ಟಿದಳು. ನಾನು ಕಡಿದು ತೆಗೆದ ನೆರಳನ್ನು ಅವಳು ಬಟ್ಟೆಯಲ್ಲಿ ಮತ್ತೆ ಮಾಡಿಕೊಟ್ಟಳು. ಆಮೇಲೆ ಅಮ್ಮನ ಮುಂದೆ ಹೋಗಿ ನನ್ನ ಪರವಾಗಿ ಕೆನ್ನೆ ಬಡಿದುಕೊಂಡಳು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಈಗ ಮಳೆಯೂ ಬಂದು ಹೋಗಿದೆ. ಬೇವು ಕಡಿದ ಜಾಗದ ಸುತ್ತ ಹೊಸ ರೆಂಬೆ ಹಾಕಿ ನೆರಳು ಮುಚ್ಚಿಕೊಂಡಿದೆ. ಮಲ್ಲಿಗೆಯಲ್ಲಿ ಒಂದೂ ಎಲೆ ಇಲ್ಲ. ಮಗಳ ವರ್ಷದ ದಿನ ಬಸ್ ಸ್ಟ್ಯಾಂಡಿನಿಂದ ತಂದ ಹೂವನ್ನೇ ಫೋಟೋಗೆ ಹಾಕಿದೆವು. ಹೂ ಮಾರುವವಳು “ಮೊಗ್ಗಿ ಬಂದ್ವೇನ್ರಿ ಅಮ್ಮಾರೆ?” ಅಂದಳು. ಬಂದಿದ್ದವು ಅಂದೆ.

ಸಿಸ್ಟರ್ ಹೇಳಿಕೊಟ್ಟ ಪರೀಕ್ಷೆಯನ್ನು ನಾನು ಯಾವಾಗಲೋ ನೆಗೆಣ್ಣಿಗೂ ಹೇಳಿದ್ದೆ. ಅವಳು ಪ್ರತಿ ಮಂಗಳವಾರ ಸ್ನಾನ ಮಾಡಿ ಬಂದು ಬುಡದ ಹತ್ತಿರ ಕಾಂಡವನ್ನು ಉಗುರಿನಿಂದ ಕೆರೆದು ನೋಡುತ್ತಾಳೆ. ಕಣ್ಣು ಕಿರಿದು ಮಾಡುತ್ತಾಳೆ. “ಇನ್ನಾ ಹಸಿ ಐತಕ್ಕ,” ಅನ್ನುತ್ತಾಳೆ. “ಜೀವ ಐತಿ. ಬರೋ ಶಿವರಾತ್ರಿಗೆ ನೋಡು.”

ಅವಳು ಮನೆಯಲ್ಲಿಲ್ಲದಾಗ ನಾನು ಅದೇ ಜಾಗ ನೋಡಿದ್ದೇನೆ. ಅಲ್ಲೂ, ಅದರ ಮೇಲೂ, ಕೆಳಗೂ, ತುದಿಯವರೆಗೂ ಕೆರೆದಿದ್ದೇನೆ. ಎಲ್ಲ ಕಡೆ ಕಂದು, ಒಣ ಕಡ್ಡಿ.

“ಹೌದಾ?” ಅನ್ನುತ್ತೇನೆ ನಾನು, ಮತ್ತು ಬಚ್ಚಲ ನೀರಿಗೆ ಅಡ್ಡ ಇಡುವ ಕಲ್ಲನ್ನು ಕಾಲಿನಿಂದ ಸರಿಸಿ ಗಿಡದ ಕಡೆ ನೀರು ಬಿಡುತ್ತೇನೆ.