ಬ್ಯಾಂಡಿನವರು ಊಟಕ್ಕೆ ಹೋದ ಹೊತ್ತು

ಮಂಗಳೂರಿನ ಅತ್ತಾವರದ ಆಸ್ಪತ್ರೆಗಳ ಎದುರಿನ ಹಣ್ಣಿನಂಗಡಿಗಳಿಗೆ ನೀವು ಯಾವತ್ತಾದರೂ ಹೋಗಿದ್ದರೆ ಈ ಪ್ರಶ್ನೆ ನಿಮಗೂ ಎದುರಾಗಿರಬಹುದು. ನಿನ್ನೆ ಸಂಜೆ ಒಂದು ಬುಟ್ಟಿ ಕಟ್ಟಿಕೊಡಿ ಅಂದೆ. ಅಂಗಡಿಯವರು ತಲೆ ಎತ್ತದೆ ಕೇಳಿದರು: "ಪೇಶೆಂಟಿಗಾ, ಸನ್ಮಾನಕ್ಕಾ?"

"ವ್ಯತ್ಯಾಸ ಎಂತ?"

"ಹಣ್ಣು ಅದೇ. ಸನ್ಮಾನಕ್ಕಾದ್ರೆ ಮೇಲೆ ಅನಾನಸು, ರಿಬ್ಬನ್ ಎಲ್ಲ ಉಂಟು. ಪೇಶೆಂಟಿಗೆ ರಿಬ್ಬನ್ ಯಾಕೆ?"

ಪೇಶೆಂಟಿಗೆ ಅಂದೆ. ಅವರು ಹಳದಿ ಪಾರದರ್ಶಕ ಕಾಗದವನ್ನು ಪರಪರ ಎಳೆದು ಸುತ್ತತೊಡಗಿದರು. ಆ ಸದ್ದು ಕಿವಿಗೆ ಬಿದ್ದದ್ದೇ ನಾನು ಅಲ್ಲಿಂದ ಹೊರಟುಹೋದೆ. ಕಾಲು ಮಾತ್ರ ಅಂಗಡಿಯ ಮೆಟ್ಟಿಲ ಮೇಲೆಯೇ ಇತ್ತು. ನಾನು ನೋಡಲು ಹೊರಟಿದ್ದ ಪೇಶೆಂಟಿನ ತೊಡೆಯ ಮೇಲೆ ಹೋದ ತಿಂಗಳು ಇಂಥದೇ ಒಂದು ಬುಟ್ಟಿ ಕೂತಿತ್ತು, ಅನಾನಸು ರಿಬ್ಬನ್ ಸಮೇತ.

ಪೇಶೆಂಟು ನಮ್ಮ ಪಕ್ಕದ ಮನೆಯ ಇನಾಸ್ ಅಂಕಲ್. ನಮ್ಮ ತುಳು ಮನೆಗೂ ಅವರ ಕೊಂಕಣಿ ಮನೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ, ಗೋಡೆಯ ಮೇಲೆ ಎರಡೂ ಮನೆಯಲ್ಲಿ ಮೀನು ತಿಂದು ಎರಡೂ ಮನೆಯನ್ನು ಕಡೆಗಣಿಸುವ ಒಂದು ಬೆಕ್ಕು. ನನ್ನ ಅಜ್ಜ ಅವರನ್ನು, ತುಳುವರು ಕ್ರಿಸ್ತುವರನ್ನು ಕರೆಯುವ ಹಳೆ ಕ್ರಮದಂತೆ, "ಪೊರ್ಬುಲೇ" ಎಂದು ಗೌರವದಿಂದ ಕೂಗುತ್ತಿದ್ದರು. ಅಜ್ಜನಿಗೆ ಅವರ ಗಿಟಾರಿನ ಬಗ್ಗೆ ಒಂದೇ ದೂರು: "ಜೋರಾಗಿ ಬಾರಿಸಿದರೆ ಕೇಳಬಹುದಿತ್ತು."

ಆದರೆ ಮಲಗಿದವರಿಗೆ ಅದು ಚೆನ್ನಾಗಿ ಕೇಳುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬರುವುದು ಜಾಸ್ತಿ. ಮಧ್ಯಾಹ್ನ ಊರಿಡೀ ಗಂಜಿಯುಂಡು ಅಡ್ಡಬಿದ್ದ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಮಲಗಿದ್ದರೆ ಕಿಟಕಿಯಿಂದ ಆ ಗಿಟಾರು ಬರುತ್ತಿತ್ತು. ಬರುತ್ತಿತ್ತು ಎನ್ನುವುದೂ ಹೆಚ್ಚು. ಕಿಟಕಿಯ ಹತ್ತಿರ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಜ್ವರದಲ್ಲಿ ಮಂಚ ಸಣ್ಣಗೆ ತೇಲುತ್ತದಲ್ಲ, ಅದು ಗಿಟಾರಿನ ಕೆಲಸ ಎಂದೇ ನನ್ನ ನಂಬಿಕೆ. ಕಾರ್ಯ ಕಾರಣಗಳನ್ನು ನಾನು ಹೀಗೆ ಕಲಸಿಕೊಂಡದ್ದು ಅದೇ ಕೊನೆ. ಆಮೇಲೆ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಸೇರಿದೆ.

ಚರ್ಚಾಸ್ಪರ್ಧೆ ಮನುಷ್ಯರನ್ನು ಏನು ಮಾಡುತ್ತದೆ ಎಂದು ನಿಮಗೆ ಗೊತ್ತಿರಬಹುದು. ಯಾರು ಏನು ಹೇಳಿದರೂ ಬಾಯಿ ಮೊದಲು "ಆದರೆ" ಅನ್ನುತ್ತದೆ. ನಮ್ಮ ಅಮ್ಮ ಸಾರಿಗೆ ಉಪ್ಪು ಸಾಕಾ ಎಂದು ಕೇಳುವುದನ್ನೇ ಬಿಟ್ಟರು. ಇಂಥ ನನ್ನ ಎದುರು ಒಂದು ದಿನ ಇನಾಸ್ ಅಂಕಲ್, ಗೋಡೆಯ ಆಚೆ ಬೆತ್ತದ ಕುರ್ಚಿಯಲ್ಲಿ ಕೂತು, ಮಳೆ ಬರಬಹುದು ಎಂಬಷ್ಟು ಸಲೀಸಾಗಿ ಹೇಳಿದರು: "ಈ ಊರಲ್ಲಿ ಬೊಸಾ ನೋವಾ ಮೊದಲು ಬಾರಿಸಿದವ ನಾನೇ."

ಬೊಸಾ ನೋವಾ ಅಂದರೆ ಬ್ರೆಜಿಲ್ ದೇಶದ ಒಂದು ಮೆಲುದನಿಯ ಸಂಗೀತ. ಎದುರಿಗೆ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎಂಬಂತೆ ಹಾಡುತ್ತಾರೆ. ಅದು ನಮ್ಮ ಅತ್ತಾವರಕ್ಕೆ ಹೇಗೆ ಬಂತು?

"ಹಡಗಿನಲ್ಲಿ," ಅಂದರು. ಬಂದರಿಗೆ ಬಂದ ಯಾವುದೋ ಹಡಗಿನ ಒಬ್ಬ ಬ್ರೆಜಿಲ್ ನಾವಿಕ ಭಾನುವಾರ ಪೂಜೆಗೆಂದು ಇಗರ್ಜಿಗೆ ಬಂದನಂತೆ. ಪೂಜೆ ಮುಗಿದ ಮೇಲೆ ಗಾಯಕವೃಂದದ ಹುಡುಗ ಇನಾಸನ ಗಿಟಾರು ಇಸಿದುಕೊಂಡು ಇಗರ್ಜಿಯ ಮೆಟ್ಟಿಲ ಮೇಲೆ ಕೂತ. ಅವನದು ಪೋರ್ಚುಗೀಸ್, ಇವರದು ಕೊಂಕಣಿ. ಮೇಜು, ಜನೆಲ್, ಪಾವ್ ಎಂದು ಇಬ್ಬರಿಗೂ ಗೊತ್ತಿದ್ದ ಪದಗಳನ್ನು ಹೆಕ್ಕಿ ಹೆಕ್ಕಿ ಮಾತಾಡಿದರಂತೆ. ಹಡಗು ಲೋಡಾಗುವವರೆಗೆ ದಿನಾ ಸಂಜೆ ಅದೇ ಮೆಟ್ಟಿಲು.

"ಹಡಗು ಹೋಯ್ತು. ಅವನ ಬಲಗೈ ನನ್ನ ಹತ್ತಿರ ಉಳೀತು," ಅಂದರು ಅಂಕಲ್.

"ಹಡಗಿನ ಹೆಸರೇನು?" ಅಂದೆ.

"ನೆನಪಿಲ್ಲ."

"ನಾವಿಕನ ಹೆಸರು?"

"ಝೋ ಅಂತ ಎಂತದೋ."

"ಸಾಕ್ಷಿ?"

"ಸೆವ್ರಿನ್ ಉಂಟಲ್ಲ." ಸೆವ್ರಿನ್ ಆಂಟಿ ಅವರ ಹೆಂಡತಿ, ಒಳಗೆ ತೆಂಗಿನಕಾಯಿ ತುರಿಯುತ್ತಿದ್ದರು.

"ಆಂಟಿಯದ್ದು ನಿಮ್ಮದು ಆಗ ಪರಿಚಯವೇ ಇರಲಿಲ್ಲ!"

ಒಳಗಿನಿಂದ ಆಂಟಿ ಕೂಗಿದರು: "ಕೇಳಿ ಕೇಳಿ ಈಗ ನಾನೇ ಸಾಕ್ಷಿ ಆಗಿದ್ದೇನೆ ಮಾರಾಯ್ತಿ! ಆ ಝೋ ತೊಟ್ಟ ಅಂಗಿಯ ಬಣ್ಣ ಸಹ ಹೇಳ್ತೇನೆ, ಬೇಕಾ?"

ಆ ಹೊತ್ತು ನಾನೇ ಗೆದ್ದೆ ಅಂದುಕೊಂಡೆ. ಅಂಕಲ್ ಮಾತ್ರ ಸೋತವರ ಹಾಗೆ ಕಾಣಲಿಲ್ಲ. ಗಿಟಾರು ತೆಗೆದು, "ಇಲ್ಲಿ ಕೇಳು. ಕೂಳೂರು ಸಂಕದ ಮೇಲೆ ಬಸ್ಸು ಹೋಗುವಾಗ ಟಕ್ ಟಕ್ ಅಂತದಲ್ಲ, ಅದು ಹೆಬ್ಬೆರಳು. ಕೆಳಗೆ ಹೊಳೆ ಹೋಗ್ತಾ ಉಂಟಲ್ಲ, ಅದು ಉಳಿದ ಬೆರಳು. ಬಸ್ಸಿನ ಅರ್ಜೆಂಟು ಹೊಳೆಗೆ ಇಲ್ಲ. ಎರಡನ್ನೂ ಒಂದೇ ಕೈಯಲ್ಲಿ ಮಾಡ್ಬೇಕು, ಅಷ್ಟೇ," ಅಂದರು. ಮತ್ತೆ ಅವರೇ ಕಟ್ಟಿದ ಒಂದು ಕೊಂಕಣಿ ಪದ, ಅಂದರೆ ಹಾಡು, ಬಾರಿಸಿದರು. ಸಂಕ ದಾಟುವ ಹುಡುಗಿಯೊಬ್ಬಳು ಬಸ್ಸಿನ ಕಿಟಕಿಯಿಂದ ಹೊಳೆ ನೋಡುತ್ತಾಳೆ, ಇಳಿಯುವ ಸ್ಟಾಪು ಮರೆಯುತ್ತಾಳೆ, ಅಷ್ಟೇ ಕತೆ. ಪೋರ್ಚುಗೀಸಿನಂತೆ ಕೊಂಕಣಿಯಲ್ಲೂ ಅರ್ಧ ಮಾತು ಮೂಗಿನಲ್ಲೇ ಇರುವುದರಿಂದ ಈ ಸಂಗೀತ ನಮಗೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ ಎನ್ನುವುದು ಅವರ ವಾದ. ನೆಗಡಿಯಾದ ತುಳುವಿಗೂ ಕೂರಬಹುದಲ್ಲ ಅಂದೆ ಅಷ್ಟೇ.

ಅವರ ವೃತ್ತಿಜೀವನ ಎಂದರೆ ಮದುವೆ ಮನೆಗಳು. ಕ್ರಿಸ್ತುವರ ಮದುವೆಯಲ್ಲಿ ಬ್ಯಾಂಡು ಇಲ್ಲದೆ ಏನೂ ನಡೆಯುವುದಿಲ್ಲ. ಮದುಮಕ್ಕಳು ಒಳಗೆ ಬರಲು ಒಂದು, ಕೇಕು ಕತ್ತರಿಸಲು ಒಂದು, ಆಮೇಲೆ ಬೈಲಾ ಶುರುವಾದರೆ ಸೀರೆಯುಟ್ಟ ಅಜ್ಜಿಯರೂ ಕುಣಿಯಬೇಕು. ಅಂಥಲ್ಲಿ ಇನಾಸ್ ಅಂಕಲ್ ತಮ್ಮ ಹೊಳೆ ಹರಿಸಲು ನೋಡಿದರು. ಬ್ಯಾಂಡಿನ ಯಜಮಾನ ತುತ್ತೂರಿ ಕೆಳಗಿಟ್ಟು, "ಇನಾಸ್, ನೀನು ಬಾರಿಸಿದ್ರೆ ಮದುಮಗಳಿಗೆ ಆಕಳಿಕೆ ಬರ್ತದೆ," ಅಂದನಂತೆ. ಕೊನೆಗೆ ಒಂದು ರಾಜಿಯಾಯಿತು. ಬ್ಯಾಂಡಿನವರೂ ಊಟ ಮಾಡಬೇಕಲ್ಲ? ಅವರೆಲ್ಲ ಊಟಕ್ಕೆ ಹೋದಾಗ ಹಾಲ್ ಮೌನ ಆಗಬಾರದು. ಆ ಹೊತ್ತು ಇನಾಸನಿಗೆ.

ಹಾಗೆ ಎಷ್ಟೋ ವರ್ಷ, ಜನ ಹಂದಿ ಮಾಂಸದ ರಸಕ್ಕೆ ಸಣ್ಣ ಎಂಬ ಮೆತ್ತನೆ ಇಡ್ಲಿ ಅದ್ದಿ ತಿನ್ನುತ್ತಿದ್ದಾಗ, ಮೂಲೆಯ ಕುರ್ಚಿಯೊಂದರಲ್ಲಿ ಮಂಗಳೂರಿನ ಬೊಸಾ ನೋವಾ ನಡೆಯಿತು. ಯಾರೂ ಕೇಳಲಿಲ್ಲ. ಅಂಕಲ್ ಯಾವ ಮದುವೆಯಲ್ಲೂ ಬಿಸಿ ಊಟ ಉಣ್ಣಲಿಲ್ಲ. ಇಗರ್ಜಿಯಲ್ಲಿ ಒಮ್ಮೆ ಕಾಣಿಕೆಯ ಗೀತೆಗೆ ಈ ತಾಳ ಸೇರಿಸಿದಾಗ ಪಾದ್ರಿಯವರು ಕರೆದು, "ಇನಾಸ್, ಕಾಣಿಕೆ ತರುವವರ ನಡಿಗೆ ಸರಿ ಇಲ್ಲ ಇವತ್ತು," ಎಂದರಂತೆ. ಅದೊಂದೇ ವಿಮರ್ಶೆ ಅವರಿಗೆ ಸಿಕ್ಕಿದ್ದು. ಅದನ್ನು ಅವರು ಬಿರುದಿನ ಹಾಗೆ ಹೇಳಿಕೊಳ್ಳುತ್ತಾರೆ.

ಈ ವರ್ಷ ಅವರ ಎಡಗೈಯ ಅಂಗೈಯೊಳಗೆ ಗಂಟುಗಟ್ಟಿ, ಕಿರುಬೆರಳು, ಉಂಗುರಬೆರಳು ಒಳಕ್ಕೆ ಬಾಗತೊಡಗಿದವು. ಡಾಕ್ಟರು ಆಪರೇಷನ್ ಮಾಡೋಣ ಅಂದರು; ಆಮೇಲೆ ತಂತಿ ಒತ್ತಲಿಕ್ಕೆ ಆಗುತ್ತದೆಂದು ಮಾತು ಕೊಡಲಾರೆ ಅಂತಲೂ ಹೇಳಿದರು. ಅದೇ ವಾರ ನಮ್ಮ ಕಡೆಯ ಒಂದು ಸಂಘದವರು ಸನ್ಮಾನ ಮಾಡುತ್ತೇವೆಂದು ಬಂದರು. ಅಂಕಲ್ ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು, "ಬರ್ತೇನೆ. ಆದರೆ ಒಂದು ಪದ ಬಾರಿಸ್ತೇನೆ. ಬ್ಯಾಂಡು ಇಲ್ಲ, ಊಟ ಇಲ್ಲ, ಎಲ್ಲರೂ ನನ್ನ ಕಡೆ ತಿರುಗಿ ಕೂತಿರ್ಬೇಕು. ಒಂದೇ ಪದ," ಅಂದರು. ಅವರ ದನಿ ಯಾವತ್ತಿನಂತೆ ಮೆತ್ತಗೇ ಇತ್ತು. ಆದರೆ ಒಳಗೆ ಕಾಯಿ ತುರಿಯುವ ಸದ್ದು ನಿಂತಿತು.

ಸನ್ಮಾನಪತ್ರ ಬರೆದು ಓದುವ ಕೆಲಸ ನನಗೆ ಬಂತು. ನಮ್ಮ ಜಗಳ ಮತ್ತೆ ಶುರುವಾಯಿತು. "ಬೊಸಾ ನೋವಾ ವಾದಕರಲ್ಲಿ ಒಬ್ಬರು" ಎಂದು ಬರೆದೆ. "ಉಳಿದವರು ಯಾರು?" ಅಂದರು ಅಂಕಲ್. "ಅಗ್ರಗಣ್ಯ" ಎಂದು ಬರೆದೆ. "ಅಂದ್ರೆ ನನ್ನ ಹಿಂದೆ ಕ್ಯೂ ಉಂಟಾ?" ಅಂದರು. ದಾಖಲೆ ಕೊಡಿ, "ಮೊದಲಿಗ" ಎಂದು ಬರೆಯುತ್ತೇನೆ ಅಂದೆ. "ಮದುವೆಯ ಕ್ಯಾಸೆಟ್ಟುಗಳಲ್ಲಿ ಊಟದ ಭಾಗ ಯಾರೂ ಇಟ್ಟುಕೊಳ್ಳುದಿಲ್ಲ ಮಗಾ," ಅಂದರು. ಕೊನೆಗೆ ನಾನು "ಮೊದಲಿಗರೆಂದು ಬಲ್ಲವರು ಹೇಳುತ್ತಾರೆ" ಎಂದು ನುಣುಚಿಕೊಂಡೆ. ಬಲ್ಲವರು ಎಂದರೆ ಸೆವ್ರಿನ್ ಆಂಟಿ.

ಸನ್ಮಾನದ ದಿನ ನೀವೂ ಅಲ್ಲಿದ್ದಿರಬಹುದು. ಇಲ್ಲದಿದ್ದರೂ ಇಂಥದ್ದನ್ನು ಬೇಕಾದಷ್ಟು ನೋಡಿರುತ್ತೀರಿ. ಅತಿಥಿಗಳು ಒಬ್ಬರಾದ ಮೇಲೊಬ್ಬರು "ಎರಡೇ ಮಾತು" ಎಂದು ಶುರು ಮಾಡಿದರು. ಅಂಕಲನ್ನು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿ ತಲೆಗೆ ಪೇಟ ಇಟ್ಟರು, ಮೈಗೆ ಶಾಲು ಹೊದಿಸಿದರು, ಕೊರಳಿಗೆ ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು, ಅದರ ಮೇಲೆ ಸ್ಮರಣಿಕೆ. ಗಿಟಾರು ವೇದಿಕೆಯ ಹಿಂದೆ ಗೋಡೆಗೊರಗಿ ನಿಂತಿತ್ತು. ಸಂಗೀತಗಾರನಿಗೆ ಗಿಟಾರು ಹಿಡಿಯಲು ಆಗದಂತೆ ಗೌರವ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಇಲ್ಲ.

ನಿರೂಪಕರು ಗಡಿಯಾರ ನೋಡಿದರು. "ಸಮಯದ ಅಭಾವದಿಂದ ಇನಾಸ್ ಸರ್ ಅವರ ಗಾಯನವನ್ನು ಊಟದ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಈಗ ಸನ್ಮಾನಪತ್ರ ವಾಚನ."

ಊಟದ ಹೊತ್ತಿಗೆ! ಅಂಕಲ್ ಅನಾನಸಿನ ಹಿಂದಿನಿಂದ ನನ್ನನ್ನು ನೋಡಿದರು. ಮುಂದಿನ ಸಾಲಿನಲ್ಲಿ ಸೆವ್ರಿನ್ ಆಂಟಿ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದಿದ್ದರು.

ನಾನು ಮೈಕಿನ ಹತ್ತಿರ ಹೋದೆ. ಕೈಯಲ್ಲಿ ಫ್ರೇಮು ಹಾಕಿಸಿದ ನನ್ನ ಗದ್ಯ. "ಪತ್ರ ಓದಲು ನನಗೆಷ್ಟು ಹೊತ್ತು ಉಂಟು?" ಎಂದು ನಿರೂಪಕರನ್ನು ಕೇಳಿದೆ.

"ಐದು ನಿಮಿಷ, ಬೇಗ."

"ಆ ಐದು ನಿಮಿಷವನ್ನು ನಾನು ಇನಾಸ್ ಅಂಕಲಿಗೆ ಬಿಟ್ಟುಕೊಟ್ಟಿದ್ದೇನೆ," ಅಂದೆ.

"ಹಾಗೆ ಮಾಡ್ಲಿಕ್ಕೆ ಆಗುದಿಲ್ಲ ಮೇಡಂ, ಪತ್ರ ಓದದಿದ್ರೆ ಸನ್ಮಾನ ಪೂರ್ತಿ ಆಗುದಿಲ್ಲ."

"ಪತ್ರ ಗೋಡೆಯ ಮೇಲೆ ತೂಗ್ತದೆ, ಯಾವಾಗ ಬೇಕಾದ್ರೂ ಓದಬಹುದು. ಇವರ ಬೆರಳು ಇವತ್ತು ಮಾತ್ರ ಉಂಟು." ಮೈಕು ಆನ್ ಇತ್ತು. ಸಭೆಗೆಲ್ಲ ಕೇಳಿತು. ನಿರೂಪಕರು ಬಾಯಿ ತೆರೆದರು, ಮತ್ತೆ ಏನೋ ಹೊಳೆದವರಂತೆ ತಾವೇ ಹೋಗಿ ಹಣ್ಣಿನ ಬುಟ್ಟಿ ಎತ್ತಿದರು. ಕಾಗದ ಪರಪರ ಅಂದಿತು.

ಅಂಕಲ್ ಹಾರ ತೆಗೆದರು, ಪೇಟ ತೆಗೆಯಲು ಮರೆತರು. ಹಾಗೇ ಬಾರಿಸಿದರು, ಸಂಕದ ಹುಡುಗಿಯ ಪದ. ಉಂಗುರಬೆರಳು ಒತ್ತಬೇಕಾದಲ್ಲಿ ಒತ್ತಲಿಲ್ಲ. ಆ ಸ್ವರಗಳನ್ನು ಅವರು ಖಾಲಿ ಬಿಟ್ಟರು, ಹಲ್ಲು ಬಿದ್ದವರು ನಗುವ ಹಾಗೆ, ನಾಚಿಕೆಯಿಲ್ಲದೆ. ಫ್ಯಾನುಗಳು ತಿರುಗುತ್ತಿದ್ದವು. ಹೊರಗಿನ ಬಿಳಿ ಬಿಸಿಲಿನಲ್ಲಿ ತೆಂಗಿನ ಗರಿಗಳು ಆಡುವುದನ್ನು ಬಿಟ್ಟು ಸುಮ್ಮನೆ ತೂಗಿಕೊಂಡಿದ್ದವು. ಹಾಲ್ ಎಂಬ ಹಾಲ್ ಲಂಗರು ಕಿತ್ತು ನಿಧಾನಕ್ಕೆ ಹೊರಟಂತೆ, ಕುರ್ಚಿಗಳು, ಬಾಳೆಕಂಬ, ಎರಡನೆಯ ಅತಿಥಿಯ ಬೋಳುತಲೆ ಎಲ್ಲ ಸಣ್ಣಗೆ ತೇಲುತ್ತಿರುವಂತೆ ನನಗೆ ಕಂಡಿತು. ಜ್ವರ ಇರಲಿಲ್ಲ, ಆಮೇಲೆ ಹಣೆ ಮುಟ್ಟಿ ನೋಡಿಕೊಂಡಿದ್ದೇನೆ.

ನಡುವೆ ಎರಡನೆಯ ಸಾಲಿನ ಒಬ್ಬ ಹೆಂಗಸು ಪಕ್ಕದ ಗಂಡನ ಮೊಣಕೈ ತಿವಿದು, ತನಗೆ ಮೆಲ್ಲ ಅನಿಸಿದ ದನಿಯಲ್ಲಿ, "ಇದು ನಮ್ಮ ಮದುವೆಗೆ ಐಸ್‌ಕ್ರೀಮು ಕೊಡುವಾಗ ಬಂದ ಪದ ಅಲ್ವಾ?" ಅಂದರು. ಗಂಡ, "ಐಸ್‌ಕ್ರೀಮು ನನಗೆ ಸಿಗ್ಲೇ ಇಲ್ಲ," ಅಂದ. ಹಿಂದಿನಿಂದ ಇನ್ನೊಬ್ಬರು, "ನಮ್ಮದಕ್ಕೂ ಇದೇ," ಅಂದರು. ನೆನಪು ಮೋಸ ಮಾಡುತ್ತದೆ, ಇಬ್ಬರು ಹೇಳಿದ ಮಾತ್ರಕ್ಕೆ ಸಾಕ್ಷ್ಯವಾಗುವುದಿಲ್ಲ, ಎಂದೆಲ್ಲ ನನ್ನ ಬಾಯಿಗೆ ಬಂತು. ಅಂಕಲ್ ಆ ಮಾತು ಬಂದ ಕಡೆ ತಲೆ ತಿರುಗಿಸಿ ಬಾರಿಸುತ್ತಿದ್ದರು. ಪೇಟ ಸ್ವಲ್ಪ ಓರೆಯಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ನಿನ್ನೆ ನಾನು ಹೋದಾಗ ಅವರು ಮಂಪರಿನಲ್ಲಿದ್ದರು, ಎಡಗೈ ದೊಡ್ಡ ಬ್ಯಾಂಡೇಜಿನಲ್ಲಿ. ಅದನ್ನು ಬಿಚ್ಚಿದ ಮೇಲೆಯೇ ಬೆರಳಿನ ವಿಷಯ ಹೇಳಬಹುದು ಅಂದಿದ್ದಾರಂತೆ ಡಾಕ್ಟರು. ಆಂಟಿ ಚಾ ಕುಡಿಯಲು ಕೆಳಗೆ ಹೋದರು. ಡ್ರಿಪ್ಪು ನೋಡಲು ಬಂದ ನರ್ಸಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಆಪರೇಷನ್ ಥಿಯೇಟರಲ್ಲಿ ಎಂತದೋ ಗುನುಗ್ತಾ ಇದ್ರು ಇವರು," ಅಂದಳು. "ಹಾಡುವವರಾ?"

"ಗಿಟಾರು. ಈ ಊರಲ್ಲಿ ಬೊಸಾ ನೋವಾ ಮೊದಲು ಬಾರಿಸಿದವರು ಇವರೇ."

ಹೇಳಿಯಾದ ಮೇಲೆ ಒಂದು ಗಳಿಗೆ ಕಾದೆ. ನನ್ನೊಳಗಿನಿಂದ ಯಾವ ಆಕ್ಷೇಪಣೆಯೂ ಏಳಲಿಲ್ಲ.

"ಬೊಸಾ ನೋವಾ ಅಂದ್ರೆ ಎಂತ?"

ಮೂರು ಅಂಶಗಳಲ್ಲಿ ಉತ್ತರ ಸಿದ್ಧವಿತ್ತು. ಅದನ್ನು ನುಂಗಿ ಸ್ಟೂಲನ್ನು ಮಂಚದ ಹತ್ತಿರ ಸರಿಸಿದೆ. "ಎಚ್ಚರ ಆಗ್ಲಿ ಸಿಸ್ಟರ್, ಅವರನ್ನೇ ಕೇಳಿ. ಮೆಲ್ಲ ಹೇಳ್ತಾರೆ, ಸ್ವಲ್ಪ ಹತ್ತಿರ ಕೂತ್ಕೊಳ್ಬೇಕು."