ಮಲಗಿಸಿ ತೆಗೆದ ಅಳತೆ

ಕುಂಬಾರಕೊಪ್ಪಲಿನ ಆ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ಮೂರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಒಂಟಿಕೊಪ್ಪಲಿನ ನಮ್ಮ ಮನೆಯ ಶೋಕೇಸಿನಲ್ಲಿ ಜಾಗ ಸಾಲದೆ ಫ್ರಿಜ್ ಮೇಲೆ ಹತ್ತಿ ಕೂತಿದ್ದವು. ಎದುರಿನವರು ಮಾತು ಮುಗಿಸುವ ಮೊದಲೇ ಅದರಲ್ಲಿ ದೋಷ ಹುಡುಕುವುದು ನನಗೆ ಅಭ್ಯಾಸವಾಗಿಹೋಗಿತ್ತು. ಅಮ್ಮ ಅದನ್ನು ಚಟ ಅನ್ನುತ್ತಾಳೆ.

ಸೇರಿದ ಕೆಲವು ತಿಂಗಳಿಗೆ ಶಾಲೆಯಲ್ಲಿ ‘ಮಾಡಿ ಕಲಿ’ ವಾರ ಬಂತು. ಆ ವಾರ ಪಠ್ಯಪುಸ್ತಕ ತೆರೆಯುವಂತಿರಲಿಲ್ಲ. ಎಲ್ಲವನ್ನೂ ಕೈಯಾರೆ ಮಾಡಿಯೇ ಕಲಿಯಬೇಕು, ಶುಕ್ರವಾರ ಮಧ್ಯಾಹ್ನ ಪೋಷಕರಿಗೆ ತೋರಿಸಬೇಕು. ನಾಲ್ಕನೇ ತರಗತಿಗೆ ನಾನು ಆರಿಸಿಕೊಂಡದ್ದು ‘ನಮ್ಮ ದೇಹ’. ಕಡಕೊಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ತಂದೆ ಪ್ಯಾಕಿಂಗಿಗೆ ಬಳಸುವ ಕಂದು ಕಾಗದದ ಸುರುಳಿಯೊಂದನ್ನು ತಂದುಕೊಟ್ಟಿದ್ದರು. ಒಬ್ಬರು ಕಾಗದದ ಮೇಲೆ ಮಲಗುವುದು, ಜೊತೆಯವರು ಮೈಯ ಸುತ್ತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯುವುದು. ಮಕ್ಕಳು ಇಪ್ಪತ್ತೊಂದು. ಜೋಡಿ ಸಿಗದೆ ಉಳಿದ ಹುಡುಗಿಗೆ ನಾನೇ ಗೆರೆ ಎಳೆದೆ.

ಆ ಹುಡುಗಿಗೆ ಹುಟ್ಟಿನಿಂದ ಹೃದಯದ ತೊಂದರೆ. ಆಪರೇಷನ್ ಆಗಬೇಕಿತ್ತು, ಆದರೆ ಅದಕ್ಕೆ ಮೈಯಲ್ಲಿ ತೂಕ ಸಾಲದು. ‘ಮುಂದಿನ ತಿಂಗಳು ಕರಕೊಂಡು ಬನ್ನಿ, ತೂಕ ಬಂದಿದ್ದರೆ ದಿನ ಕೊಡುತ್ತೇವೆ’ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಾಗಾಗಿ ಬಿಸಿಯೂಟದಲ್ಲಿ ಅವಳ ಮೊಟ್ಟೆ ತಪ್ಪದಂತೆ ನೋಡಿಕೊಳ್ಳುವುದು ಶಾಲೆಯಲ್ಲಿ ಎಲ್ಲರ ಕೆಲಸವಾಗಿತ್ತು.

ಸೋಮವಾರ ಸಂಜೆ ಅವಳನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. ಗೋಡೆಯುದ್ದಕ್ಕೂ ಇಪ್ಪತ್ತೊಂದು ಆಕಾರಗಳು. ಮುಖ ಇನ್ನೂ ಬರೆದಿರಲಿಲ್ಲ, ತಲೆಯ ಮೇಲೆ ಹೆಸರು ಮಾತ್ರ ಇತ್ತು. ಫ್ಯಾನಿನ ಗಾಳಿ ಬೀಸಿದಾಗ ಎಲ್ಲದರ ಕಾಲುಗಳೂ ಒಟ್ಟಿಗೆ ಗೋಡೆ ಬಿಟ್ಟು ಮುಂದಕ್ಕೆ ಬರುತ್ತಿದ್ದವು, ಒಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದವು.

“ಇದ ಎಂಗ್ ತಗುದ್ರಿ?” ಅಂದರು ಅಜ್ಜಿ.

“ಮಲಗಿಸಿ ಸುತ್ತ ಗೆರೆ ಎಳೆದ್ವಿ ಅಜ್ಜಿ.”

“ಮಲುಗ್ಸಿ ಅಳತೆ ತಗಿಯೋದು ಸತ್ತೋರ್ಗೆ ಕಣವ್ವ, ಗುಂಡಿ ತೋಡಕ್ಕೆ. ಬೆಳಿಯೋ ಕೂಸ್ಗೆ ತಗುದ್ರೆ ಬೆಳವಣಿಗೆ ಅಲ್ಗೇ ನಿಂತೋಯ್ತದೆ.”

“ಟೈಲರ್ ತಗೊಳ್ಳಲ್ವಾ ಅಳತೆ?”

“ಅವ್ನು ನಿಲ್ಸ್ಕೊಂಡು ತಗೋತಾನೆ.”

ಒಳ್ಳೆಯ ಉತ್ತರ. ಸ್ಪರ್ಧೆಯಾಗಿದ್ದರೆ ಅಂಕ ಬೀಳುತ್ತಿತ್ತು. ನನಗೆ ಹುರುಪು ಬಂತು.

“ಆಸ್ಪತ್ರೇಲಿ ಎದೆ ಸ್ಕ್ಯಾನ್ ಮಾಡ್ದಾಗ ನಿಲ್ಸಿದ್ರಾ, ಮಲಗ್ಸಿದ್ರಾ?”

ಅಜ್ಜಿ ಮೊಮ್ಮಗಳ ಚೀಲವನ್ನು ಹೆಗಲಿಗೆ ಏರಿಸಿಕೊಂಡರು. “ನೀವು ಓದ್ದೋರು, ಮಾತು ಬತ್ತದೆ. ಅವಳ್ದೊಂದ ಕೊಟ್ಬುಡಿ, ತಕ್ಕೊಂಡೋಯ್ತೀನಿ.”

“ಶುಕ್ರವಾರ ಎಲ್ರೂ ನೋಡಿದ್ಮೇಲೆ ಕೊಡ್ತೀನಿ.”

ನಾವು ಮಾತಾಡುವಷ್ಟು ಹೊತ್ತೂ ಹುಡುಗಿ ನಮ್ಮಿಬ್ಬರ ನಡುವೆ ನಿಂತು, ಮಾತಾಡುವವರ ಬಾಯನ್ನೇ ನೋಡುತ್ತಿದ್ದಳು.

ಮಂಗಳವಾರ ಬಣ್ಣದ ಕಾಗದದಲ್ಲಿ ಶ್ವಾಸಕೋಶ, ಹೊಟ್ಟೆ, ಹೃದಯ ಕತ್ತರಿಸಿ ಮೈದಾ ಗೋಂದಿನಲ್ಲಿ ಅಂಟಿಸಿದೆವು. ಬುಧವಾರ ಬೆಳಿಗ್ಗೆ ಬೀಗ ತೆಗೆದಾಗ ಒಂದೇ ಒಂದು ಕೆಂಪು ಹೃದಯ ನೆಲದ ಮೇಲೆ ಬಿದ್ದಿತ್ತು. ಅವಳದ್ದು.

“ಮೈದಾ ಅಂದ್ರೆ ಜಿರಳೆಗೆ ಇಷ್ಟ,” ಅಂದೆ.

“ಅವಳ್ದೇ ಯಾಕ್ ತಿಂತು ಮಿಸ್?” ಅಂದ ಒಬ್ಬ.

“ಜಿರಳೆಗೆ ಹೆಸರು ಓದೋಕೆ ಬರಲ್ಲ ಕಣೋ.”

ತರಗತಿ ನಕ್ಕಿತು. ಅವಳು ನಗಲಿಲ್ಲ. “ನಾನು ಇನ್ಮೇಲೆ ಇಷ್ಟೇನಾ ಮಿಸ್?” ಅಂದಳು, ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು.

ಇಂಥ ಭಯವನ್ನು ಪುರಾವೆಯಿಂದಲೇ ಕೊಲ್ಲಬೇಕು ಎಂದು ತೀರ್ಮಾನಿಸಿದೆ. ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಅವಳನ್ನು ಗೋಡೆಗೆ ಒರಗಿಸಿ ಟೇಪಿನಲ್ಲಿ ಅಳೆದೆವು: ನೂರ ಹದಿನೆಂಟು ಸೆಂಟಿಮೀಟರ್. ಇನ್ನು ಕಾಗದದ್ದೂ ಅಷ್ಟೇ ಬಂದುಬಿಟ್ಟರೆ ಮಾತು ಮುಗಿಯಿತು. ಅದು ಬರೀ ಗೆರೆ, ಅವಳು ಹೇಗಿದ್ದಾಳೋ ಹಾಗೆ. ಟೇಪಿನ ತುದಿ ಓದುವ ಕೆಲಸವನ್ನು ಇಬ್ಬರು ಮಕ್ಕಳಿಗೇ ಕೊಟ್ಟೆ, ನನ್ನ ಮೇಲೆ ಅನುಮಾನ ಬಾರದಿರಲಿ ಎಂದು.

ನೂರ ಇಪ್ಪತ್ತೈದು ಅಂದರು ಇಬ್ಬರೂ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಭೆಯ ಮುಂದೆ ಕೇಳಬಾರದು. ಚರ್ಚೆ ಕಲಿಸುವವರು ಮೊದಲ ದಿನವೇ ಹೇಳುವ ಮಾತು ಅದು. ಪೆನ್ನು ಓರೆಯಾಗಿರುತ್ತದೆ, ಮಲಗಿದಾಗ ಪಾದ ಚಾಚಿಕೊಳ್ಳುತ್ತದೆ, ತೇವಕ್ಕೆ ಕಾಗದ ಹಿಗ್ಗುತ್ತದೆ ಎಂದೆಲ್ಲ ವಿವರಿಸಿದೆ. ಆಗಲೇ ಮಕ್ಕಳು ತಮ್ಮ ತಮ್ಮ ಆಕಾರಗಳನ್ನು ಅಳೆಯಲು ಓಡಿದ್ದರು. ಅವೂ ಉದ್ದವೇ ಇದ್ದವು, ಎರಡು, ಮೂರು ಸೆಂಟಿಮೀಟರ್. ಏಳು ಯಾವುದೂ ಇರಲಿಲ್ಲ.

ಹಿಂದಿನಿಂದ ಯಾರೋ ಮೆಲ್ಲಗೆ, “ಅವಳು ನಿಂತ್ಬುಟ್ಳು. ಅದು ಬೆಳೀತಾ ಅದೆ,” ಅಂದರು. ಯಾರೂ ನಗಲಿಲ್ಲ. ನಾನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಗುರುವಾರ ಊಟದ ಹೊತ್ತಿನಲ್ಲಿ ಹಾಜರಿ ಪುಸ್ತಕ ತರಲು ತರಗತಿಗೆ ಹೋದೆ. ಅವಳು ಒಬ್ಬಳೇ ತನ್ನ ಆಕಾರದ ಕೆಳಗೆ ಕೂತಿದ್ದಳು. ಅದರ ಪಾದಗಳ ಬಳಿ ನೋಟ್‌ಬುಕ್ಕಿನ ಹಾಳೆ ಹಾಸಿ ಮೊಟ್ಟೆ ಇಟ್ಟಿದ್ದಳು, ಪಕ್ಕದಲ್ಲಿ ಒಂದು ಹಿಡಿ ಅನ್ನ. ತನಗೆಂದು ತಟ್ಟೆಯಲ್ಲಿ ಏನೂ ಉಳಿಸಿಕೊಂಡಿರಲಿಲ್ಲ.

“ಯಾಕಮ್ಮ ಇಲ್ಲಿಟ್ಟಿದ್ದೀಯ?”

“ಅದಕ್ಕೆ ಹಸಿವು ಮಿಸ್.”

“ನಿಂಗೆ?”

“ನಂಗೆ ಆಗ್ತಿಲ್ಲ. ಅದು ತಿಂದ್ರೆ ನಂಗೆ ಊಟ ಸೇರಲ್ಲ.” ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು, “ನೆನ್ನೆದು ಪೂರ್ತಿ ತಿಂದ್ಬುಡ್ತು.”

“ಬೆಕ್ಕು ತಿಂದಿರುತ್ತೆ.”

“ಬೆಕ್ಕೂ ಇರಬಹುದು ಮಿಸ್,” ಅಂದಳು ವಿನಯದಿಂದ.

ಪಕ್ಕದಲ್ಲಿ ಕೂತು ವಾದಿಸಿದೆ. ಕಾಗದಕ್ಕೆ ನಾಲಿಗೆ ಇದೆಯಾ? ಇಲ್ಲ ಮಿಸ್. ನಾವು ಅಂಟಿಸಿದ ಹೊಟ್ಟೆ ನಿಜವಾದದ್ದಾ? ಅಲ್ಲ ಮಿಸ್. ಹಾಗಾದರೆ ಮೊಟ್ಟೆ ಯಾರು ತಿನ್ನಬೇಕು? ಅವಳು ಮೊಟ್ಟೆಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಖಾಲಿ ತಟ್ಟೆಯನ್ನು ದೂರ ತಳ್ಳಿದಳು. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ಕಾಗದಗಳೆಲ್ಲ ಗೋಡೆಗೆ ಅಂಟಿ ನಿಂತವು. ಅವಳದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಆಡಿತು. ಅದು ಕಿಟಕಿಯ ಪಕ್ಕದಲ್ಲಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ, ಎರಡು ಸಲ.

ಸ್ಕೂಲು ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಹಿಂದಿನ ಬೀದಿಯಲ್ಲೇ ಇತ್ತು. ಅಜ್ಜಿ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ರಾತ್ರಿನೂ ಉಂಡಿಲ್ಲ, ಬೆಳಿಗ್ಗೆನೂ ಇಲ್ಲ,” ಅಂದರು. “ಇಂಗೇ ಆದ್ರೆ ಎಲ್ಲಿಂದ ಬತ್ತದೆ ತೂಕ?”

“ಅಜ್ಜಿ, ನಾಳೆ ಆ ಕಾಗದ ಹರಿದು ಹಾಕ್ಬಿಡ್ತೀನಿ.”

ಅವರ ಕೈ ನಿಂತಿತು. “ಕೂಸಿನ್ ಅಳತೆ ಒಳ್ಗಿದ್ದಂಗೆ ಅರಿದಾಕ್ಬುಟ್ಟೀರಾ? ಮಲ್ಗಿರೋ ಮಗೀನ ದಾಟ್ಬುಟ್ರೆ ಏನ್ ಮಾಡ್ತಾರೆ ನಿಮ್ ಮನೇಲಿ?”

“ವಾಪಸ್ ದಾಟಿಸ್ತಾರೆ.” ನನ್ನ ಅಜ್ಜಿಯೂ ದಾಟಿಸುತ್ತಿದ್ದರು.

“ಗೊತ್ತಲ್ಲ ಮತ್ತೆ. ತಗುದ್ ಕೈಯೇ ವಾಪಸ್ ಕೊಡ್ಬೇಕು. ಅವಳ್ನ ಅದ್ರ ಮೇಲೇ ಮಲುಗ್ಸಿ, ಗೆರೆ ಹೋಗಿದ್ ದಾರೀಲಿ ಉಲ್ಟಾ ಬನ್ನಿ. ಬೆರಳು ಎತ್ತ್ಬಾರ್ದು.”

“ನಂಗೆ ಇದ್ರಲ್ಲಿ ನಂಬಿಕೆ ಇಲ್ಲ ಅಜ್ಜಿ.”

“ನಿಮ್ ನಂಬಿಕೆ ಯಾರಿಗ್ ಬೇಕವ್ವ. ಬೆರಳ ಕೊಡಿ ಸಾಕು.”

ಶುಕ್ರವಾರ, ಪೋಷಕರು ಬರುವ ಮೊದಲು, ಊಟದ ಗಂಟೆಗೆ ಅರ್ಧ ತಾಸಿರುವಾಗ ಮಕ್ಕಳನ್ನು ಅಂಗಳಕ್ಕೆ ಕಳುಹಿಸಿದೆ. ಕಾಗದವನ್ನು ಇಳಿಸಿ ನೆಲಕ್ಕೆ ಹಾಸಿದೆ. ಹುಡುಗಿ ಮಲಗಿ ಕಣ್ಣು ಮುಚ್ಚಿದಳು. ಹೇಳಿದ ಹೊತ್ತಿಗೆ ಬಂದಿದ್ದ ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಸೋಮವಾರ ಎಡಗಿವಿಯ ಬಳಿ ಶುರು ಮಾಡಿ ಸುತ್ತು ಬಂದು ಅಲ್ಲೇ ಮುಗಿಸಿದ್ದೆ. ಈಗ ಬೆರಳನ್ನು ಅಲ್ಲೇ ಇಟ್ಟು ಹಿಮ್ಮುಖವಾಗಿ ಹೊರಟೆ. ನೆತ್ತಿ ಗೆರೆಗೆ ಸರಿಯಾಗಿ ತಾಗಿಕೊಂಡಿತ್ತು. ಬಲಗಿವಿ, ಭುಜ, ಐದು ಬೆರಳು, ಸೊಂಟ, ಮಂಡಿ. ಪಾದದ ಹತ್ತಿರ ಬಂದಾಗ ಏಳು ಸೆಂಟಿಮೀಟರ್ ಖಾಲಿ ಜಾಗ ಸಿಗಬೇಕಿತ್ತು. ಅದಕ್ಕೆ ಸಿದ್ಧಳಾಗಿಯೇ ಇದ್ದೆ.

ಸಿಗಲಿಲ್ಲ. ಗೆರೆ ಅವಳ ಹಿಮ್ಮಡಿಗೆ ಅಂಟಿಕೊಂಡೇ ಇತ್ತು.

ಕೆಳಗೆ ಜಾರಿದ್ದಾಳೆಯೇ ಎಂದು ಕತ್ತು ಚಾಚಿ ನೋಡಿದೆ. ತಲೆ ತಲೆಯ ಜಾಗದಲ್ಲೇ ಇತ್ತು. ಕಾಗದ ಒಣಗಿ ಕುಗ್ಗಿರಬೇಕು. ಅಥವಾ ಬುಧವಾರ ಟೇಪು ಸಡಿಲವಾಗಿತ್ತು. ಕಾರಣಗಳು ಸಾಲಾಗಿ ಬಂದವು. ಒಂದನ್ನೂ ಬಾಯಿಬಿಟ್ಟು ಹೇಳಲಿಲ್ಲ. ಟೇಪು ಚೂಡಿದಾರದ ಜೇಬಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ.

“ಮಿಸ್, ಅಲ್ಲಿ ಬಿಟ್ರಿ,” ಅಂದಳು ಹುಡುಗಿ.

ಅವಳ ಕಣ್ಣು ಮುಚ್ಚಿಯೇ ಇದ್ದವು. ನೋಡಿದರೆ ನಿಜ, ತಲೆ ಎತ್ತಿದಾಗ ನನ್ನ ಬೆರಳು ಕಾಗದ ಬಿಟ್ಟಿತ್ತು. ತಿರುಗಿ ಎಡಗಿವಿಗೆ ಹೋಗಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಉಸಿರು ಬಿಗಿಹಿಡಿದು, ಒಂದು ಕೂದಲೆಳೆಯೂ ತಪ್ಪದ ಹಾಗೆ, ಇಡೀ ಮೈ ಸುತ್ತಿ ಬಂದೆ.

ಅವಳು ಎದ್ದು ಕೂತು ಲಂಗದ ಧೂಳು ಕೊಡವಿಕೊಂಡಳು. “ಇವತ್ತು ಮೊಟ್ಟೆನಾ, ಬಾಳೆಹಣ್ಣಾ ಮಿಸ್?”

“ಮೊಟ್ಟೆ.”

“ಎರಡು ಕೇಳಿದ್ರೆ ಕೊಡ್ತಾರಾ?”

ನಾನೇ ಓಡಿಹೋಗಿ ತಂದೆ. ಗೋಡೆಯ ಕಡೆ ತಿರುಗದೆ, ಇಬ್ಬರ ಎದುರಿಗೇ ತಿಂದಳು. ಎರಡನೆಯದನ್ನು ಬಾಯಿಗಿಟ್ಟಾಗ ಅಜ್ಜಿ ಕಾಗದವನ್ನು ಸುರುಳಿ ಸುತ್ತಿ, ಅದರ ಎರಡೂ ತುದಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡು ಎದ್ದರು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಲು ಬಾಯಿ ತೆರೆದವಳು ಸುಮ್ಮನೆ ಬಾಗಿಲು ಬಿಟ್ಟು ಸರಿದು ನಿಂತೆ.